ಅಂಗಳಕ್ಕೆ ಬಂದ ಒಲೆ

ಗಲ್ಫ್‌ನಿಂದ ರಜೆಗೆ ಬರುವವರ ಪೆಟ್ಟಿಗೆ ಬಿಚ್ಚಿದರೆ ಕಾಲ ಎಷ್ಟು ಬದಲಾಗಿದೆ ಎಂದು ತಿಳಿಯುತ್ತದೆ. ಒಂದು ಕಾಲದಲ್ಲಿ ಟೇಪ್ ರೆಕಾರ್ಡರ್, ಟಾರ್ಚ್, ಹಾಲಿನ ಪುಡಿ, ಅತ್ತರು, ದಪ್ಪ ಕಂಬಳಿ. ಈಗ ಅದೆಲ್ಲವೂ ಕುಂಬಳೆ ಪೇಟೆಯಲ್ಲೇ ಸಿಗುವುದರಿಂದ ಬರುವವರಿಗೂ ಏನು ತರುವುದೆಂಬ ಚಿಂತೆ. ಕಳೆದ ಕ್ರಿಸ್ಮಸ್ ರಜೆಗೆ ಬೇಳದ ನಮ್ಮ ಮನೆಗೆ ಬಂದ ಭಾವ ತಂದದ್ದು ಒಂದು ಚಪ್ಪಟೆ ರಟ್ಟಿನ ಪೆಟ್ಟಿಗೆ. ಮೇಲಿನ ಚಿತ್ರದಲ್ಲಿ ಹಸಿರು ಹುಲ್ಲುಹಾಸಿನ ಮೇಲೆ ಯಾವುದೋ ವಿದೇಶಿ ಕುಟುಂಬ ನಗುನಗುತ್ತಾ ಮಾಂಸ ಸುಡುತ್ತಿತ್ತು. ಎತ್ತಿಕೊಂಡು ಹೋಗಬಹುದಾದ ಗ್ಯಾಸ್ ಗ್ರಿಲ್! ಅಂಗಡಿಯಲ್ಲಿದ್ದವುಗಳಲ್ಲಿ ಅತಿ ಅಗ್ಗದ್ದು ಇದೇ ಎಂದು ಭಾವನೇ ಹೇಳಿದರು.

ಸುಟ್ಟು ತಿನ್ನುವುದು ನಮ್ಮ ಕಡೆಯವರಿಗೆ ಹೊಸತೇನಲ್ಲ. ಗೆಣಸು, ಹಲಸಿನ ಬೀಜ ಒಲೆಯ ಬೂದಿಯಲ್ಲಿ ಬೇಯುತ್ತಿದ್ದವು. ಗೇರುಬೀಜ ಸುಡುವ ದಿನ ಮಕ್ಕಳೆಲ್ಲ ಹಿತ್ತಿಲಲ್ಲೇ. ಗೆರಟೆಯ ಕೆಂಡದ ಮೇಲೆ, ಬಾಳೆ ಎಲೆಯಲ್ಲಿ ಸುತ್ತಿಟ್ಟ ಬಂಗುಡೆಯ ರುಚಿ ಬಲ್ಲವರು ಬಲ್ಲರು. ಆದರೆ ಆ ರುಚಿಯ ಹಿಂದೆ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಊದುಕೊಳವೆ ಹಿಡಿದು ಕೂತವರು ಯಾರು? ನಮ್ಮ ಅಮ್ಮ, ಅಜ್ಜಿಯರು. ಹಬ್ಬದ ದಿನ ಗಂಡಸರು ಸಿಟೌಟಿನಲ್ಲಿ ಹರಟುವುದು, ಹೆಂಗಸರು ಅಡಿಗೆಮನೆಯಲ್ಲಿ ಬೆವರುವುದು. ನೆಂಟರು ಹೆಚ್ಚಿದಷ್ಟೂ ಅಮ್ಮ ಕಾಣಿಸುವುದು ಕಡಿಮೆ. ಗ್ಯಾಸ್ ಒಲೆ ಬಂದ ಮೇಲೆ ಹೊಗೆ ಹೋಯಿತು, ಕ್ರಮ ಮಾತ್ರ ಹಾಗೆಯೇ ಉಳಿಯಿತು.

ಇರಲಿ, ಪೆಟ್ಟಿಗೆಯ ವಿಷಯಕ್ಕೆ ಬರೋಣ. "ಅರ್ಧ ಗಂಟೆಯ ಕೆಲಸ" ಎಂದು ಭಾವ ಚಾಪೆ ಹಾಸಿ ಕುಳಿತರು. ನಾಲ್ಕು ಕಾಲು, ತಳದ ತಗಡು, ಮುಚ್ಚಳ, ಯು ಆಕಾರದ ಬರ್ನರ್, ಅದರ ಮೇಲೆ ಡೇರೆಯಂತೆ ಕೂರುವ ಇನ್ನೊಂದು ತಗಡು, ತಂತಿಯ ಜಾಲರಿ, ಕೊಬ್ಬು ಇಳಿಯಲು ಒಂದು ಪುಟ್ಟ ಬಟ್ಟಲು, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಿಡಿ ಸ್ಕ್ರೂ, ನಟ್ಟು, ವಾಷರು. ಆರು ಭಾಷೆಗಳ ಪುಸ್ತಕ ಬೇರೆ. ಕನ್ನಡವಿಲ್ಲ, ಮಲೆಯಾಳವಿಲ್ಲ; ಇದ್ದ ಇಂಗ್ಲಿಷಾದರೂ ಇಂಗ್ಲಿಷ್ ಬಾರದವರು ಬರೆದದ್ದು. ಚಿತ್ರಗಳೇ ಗತಿ. ಒಂಬತ್ತನೇ ತರಗತಿಯ ನಮ್ಮ ಮಗಳು ಚಿತ್ರ ನೋಡಿ ಹೇಳುತ್ತಾ ಹೋದಳು, ನಾವು ಜೋಡಿಸುತ್ತಾ ಹೋದೆವು. ಅರ್ಧ ಗಂಟೆ ಎರಡೂವರೆ ಗಂಟೆಯಾಯಿತು!

ಇಂಥದ್ದನ್ನು ಜೋಡಿಸಲು ಹೊರಟವರಿಗೆ ಒಂದೆರಡು ಮಾತು ಹೇಳಬಹುದು. ಅಗ್ಗದ ತಗಡಿನ ಅಂಚು ಕತ್ತಿಯಂತಿರುತ್ತದೆ, ಹಳೆಯ ಬಟ್ಟೆ ಕೈಗೆ ಸುತ್ತಿಕೊಳ್ಳಿ. ಸ್ಕ್ರೂಗಳನ್ನು ಮೊದಲೇ ಬಿಗಿಯಬೇಡಿ. ಎಲ್ಲವನ್ನೂ ಸಡಿಲವಾಗಿ ಕೂರಿಸಿ, ನಾಲ್ಕು ಕಾಲೂ ಸಮವಾಗಿ ನೆಲ ಮುಟ್ಟಿದ ಮೇಲೆ ಬಿಗಿಯಿರಿ. ಮುಚ್ಚಳದ ಹಿಡಿಕೆಗೆ ಕೊಡುವ ಕಪ್ಪು ವಾಷರುಗಳನ್ನು ಭಾವ "ಇದು ಹೆಚ್ಚಿಗೆ ಬಂದದ್ದು" ಎಂದು ಬದಿಗಿಟ್ಟರು. ಅವು ಹಿಡಿಕೆಗೆ ಬಿಸಿ ಹರಿಯದಂತೆ ತಡೆಯುವವು ಎಂದು ಮಗಳು ಚಿತ್ರ ತೋರಿಸಿದ ಮೇಲೆ ಸುಮ್ಮನೆ ಎತ್ತಿಕೊಂಡರು. ಎಲ್ಲಕ್ಕಿಂತ ಮುಖ್ಯವಾದದ್ದು ಬರ್ನರಿನ ಕೊಳವೆಯ ಬಾಯಿ. ಅದು ಗ್ಯಾಸ್ ಚಿಮ್ಮುವ ಜೆಟ್‌ನ ಮೇಲೆ ನೆಟ್ಟಗೆ ಕೂರಬೇಕು. ಅಲ್ಲೇ ಗ್ಯಾಸ್ ಗಾಳಿಯೊಡನೆ ಬೆರೆಯುವುದು. ಒಂದು ಬೆರಳಷ್ಟು ಓರೆಯಾದರೂ ಗ್ಯಾಸ್ ಕೊಳವೆಯ ಹೊರಗೆ ಹೋಗಿ, ಉರಿಯಬಾರದ ಕಡೆ ಉರಿಯುತ್ತದೆ.

ಪುಸ್ತಕದ ತುಂಬ ಪ್ರೊಪೇನ್, ಪ್ರೊಪೇನ್ ಎಂದಿತ್ತು. ನಮ್ಮ ಮನೆಗಳಿಗೆ ಬರುವುದು ಎಲ್‌ಪಿಜಿ, ಅಂದರೆ ಪ್ರೊಪೇನ್ ಮತ್ತು ಬ್ಯುಟೇನ್ ಎರಡರ ಮಿಶ್ರಣ. ಬ್ಯುಟೇನ್ ಸುಮಾರು ಸೊನ್ನೆ ಡಿಗ್ರಿ ಚಳಿಯಲ್ಲಿ ಆವಿಯಾಗದೆ ದ್ರವವಾಗಿಯೇ ಉಳಿಯುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಆದ್ದರಿಂದ ಹಿಮ ಬೀಳುವ ದೇಶಗಳಲ್ಲಿ ಬರೀ ಪ್ರೊಪೇನ್. ಡಿಸೆಂಬರಿನಲ್ಲೂ ಫ್ಯಾನ್ ಬೇಕಾಗುವ ನಮಗೆ ಆ ಚಿಂತೆಯಿಲ್ಲ. ನೋಡಬೇಕಾದದ್ದು ಗ್ರಿಲ್‌ಗೆ ಅಂಟಿಸಿದ ಚಿಕ್ಕ ಫಲಕವನ್ನು. ನಮ್ಮದರಲ್ಲಿ ಬ್ಯುಟೇನ್ ಮತ್ತು ಪ್ರೊಪೇನ್ ಎರಡರ ಹೆಸರೂ, 30 ಮಿಲಿಬಾರ್ ಎಂದೂ ಇತ್ತು. ನಮ್ಮ ಮನೆಯ ಸಿಲಿಂಡರಿನ ಮಾಮೂಲಿ ರೆಗ್ಯುಲೇಟರ್ ಕೊಡುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ನೆರೆಮನೆಗೆ ಕೆನಡಾದಿಂದ ಬಂದ ಗ್ರಿಲ್ ಹಾಗಿರಲಿಲ್ಲ. ಅದು ಅರ್ಧ ಕಿಲೋದೊಳಗಿನ, ತಿರುಗಿಸಿ ಕೂರಿಸುವ ಪುಟ್ಟ ಡಬ್ಬಿಗೆ ಮಾಡಿದ್ದು. "ಜೆಟ್ ಸ್ವಲ್ಪ ಕೊರೆದು ದೊಡ್ಡದು ಮಾಡಿ ಕೊಡುತ್ತೇನೆ" ಎಂದು ರಿಪೇರಿಯವನೊಬ್ಬ ಹೇಳಿದನಂತೆ. ಅವರು ಒಪ್ಪದೆ ಅದನ್ನು ಅಟ್ಟಕ್ಕೆ ಹಾಕಿದರು. ನಮ್ಮ ಮಟ್ಟಿಗೆ ಅದು ಬುದ್ಧಿವಂತರ ಕೆಲಸ.

ನಾವು 5 ಕಿಲೋದ ಸಣ್ಣ ಸಿಲಿಂಡರ್ ತಂದೆವು. ಅದಕ್ಕೆ ಹೊಂದುವ ರೆಗ್ಯುಲೇಟರನ್ನೂ ಸಿಲಿಂಡರ್ ಕೊಟ್ಟಲ್ಲಿಂದಲೇ ತೆಗೆದುಕೊಂಡೆವು. ಕ್ಯಾಂಟೀನಿನ ದೊಡ್ಡ ಒಲೆಗೆ ಹಾಕುವ, ತಿರುಗಿಸಿದಷ್ಟೂ ಒತ್ತಡ ಏರುವ ರೆಗ್ಯುಲೇಟರ್ ಪೇಟೆಯಲ್ಲಿ ಸಿಗುತ್ತದೆ. ಮನೆಯ ಗ್ರಿಲ್‌ಗೆ ಅದು ಸಲ್ಲದು. ಪೆಟ್ಟಿಗೆಯಲ್ಲಿ ಬಂದ ಪೈಪ್ ತೀರ ತೆಳ್ಳಗಿತ್ತು, ಮಡಚಿದಲ್ಲಿ ಬಿಳಿ ಗೆರೆ ಮೂಡುತ್ತಿತ್ತು. ಅದನ್ನು ಬಿಟ್ಟು ಐಎಸ್‌ಐ ಗುರುತಿನ, ಒಳಗೆ ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಹಾಕಿದೆವು. ಅದನ್ನೂ 5 ವರ್ಷಕ್ಕೊಮ್ಮೆ ಬದಲಿಸಬೇಕೆಂದು ಪೈಪಿನ ಮೇಲೆಯೇ ಇಸವಿ ಹಾಕಿರುತ್ತಾರೆ. ನಾವು ಎಷ್ಟು ಮಂದಿ ಓದುತ್ತೇವೆ? ಗಂಟೆಗೆ 218 ಗ್ರಾಂ ಗ್ಯಾಸ್ ಎಂದು ಫಲಕದಲ್ಲಿತ್ತು. ಆ ಲೆಕ್ಕದಲ್ಲಿ ಒಂದು ಸಣ್ಣ ಸಿಲಿಂಡರ್ ಇಪ್ಪತ್ತು ಗಂಟೆಗೂ ಹೆಚ್ಚು ಬರುತ್ತದೆ. ನಮ್ಮಂಥವರಿಗೆ ಇಡೀ ವರ್ಷಕ್ಕೆ ಸಾಕು.

ಇಷ್ಟೆಲ್ಲ ಆದರೂ ಅಮ್ಮ ಹತ್ತಿರ ಬರಲಿಲ್ಲ. "ಎಂತದ್ದು ಬೇಕಾದರೂ ಸುಡಿ. ಆದರೆ ನಾನು ಅದರ ಹತ್ತಿರ ಬರುವವಳಲ್ಲ, ಮಕ್ಕಳನ್ನೂ ಬಿಡುವವಳಲ್ಲ" ಎಂದು ಬಿಟ್ಟರು. ಅದಕ್ಕೆ ಕಾರಣವಿತ್ತು. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಹೊತ್ತಿಕೊಂಡು 20 ಜನ ತೀರಿಕೊಂಡದ್ದು ನಮ್ಮ ಓದುಗರಿಗೆ ನೆನಪಿರಬಹುದು. ಮಂಗಳೂರಿನಿಂದ ಹೊರಟ ಆ ಟ್ಯಾಂಕರ್ ನಮ್ಮ ಕುಂಬಳೆ, ಕಾಸರಗೋಡು ದಾಟಿಕೊಂಡೇ ಹೋದದ್ದು. ಮರುವರ್ಷ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲೂ ಅಂಥದ್ದೇ ದುರಂತ. ಹೆದ್ದಾರಿಯಲ್ಲಿ ಆ ಟ್ಯಾಂಕರುಗಳು ಸಾಲಾಗಿ ಹೋಗುವುದನ್ನು ಕಂಡಾಗಲೆಲ್ಲ ಅಮ್ಮ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. "ಇದು ಸಣ್ಣ ಸಿಲಿಂಡರ್ ಅಮ್ಮಾ" ಎಂದರೆ, "ಸಣ್ಣ ಹಾವಿಗೆ ವಿಷ ಇಲ್ಲವಾ?" ಎಂಬ ಉತ್ತರ.

ಅವರ ಹೆದರಿಕೆಯನ್ನು ನಗೆಯಾಡಿ ತಳ್ಳಿಹಾಕುವುದು ಸರಿಯೆನಿಸಲಿಲ್ಲ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲಕ್ಕೆ ಹಾರಿಹೋಗದೆ ನೀರಿನಂತೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಆದ್ದರಿಂದ ಬಾವಿಕಟ್ಟೆಯ ಹತ್ತಿರ, ಅಡಿಕೆ ತೋಟದ ಕಣಿಯ ಹತ್ತಿರ ಗ್ರಿಲ್ ಇಡುವಂತಿಲ್ಲ. ಗ್ಯಾಸಿಗೆ ಸ್ವಂತ ವಾಸನೆಯೂ ಇಲ್ಲ. ನಮ್ಮ ಮೂಗಿಗೆ ಬಡಿಯುವುದು ಎಚ್ಚರಿಕೆಗೆಂದೇ ಬೆರೆಸಿದ ವಾಸನೆ. ಸೋರಿಕೆಯಾದರೆ ಹೇಳಬೇಕಾದ ನಂಬರ್ 1906 ಎಂದು ಮಗಳು ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಟ್ಟಳು.

ಭಾವನಿಗೆ ಅವಸರ. ಕೋಳಿಗೆ ಮಸಾಲೆ ಹಚ್ಚಿಯಾಗಿತ್ತು, ನೆಂಟರು ಬಂದಾಗಿತ್ತು. ಆದರೆ ಸೋಪು ನೀರಿನ ಪರೀಕ್ಷೆ ಆಗದೆ ಬೆಂಕಿ ಹಚ್ಚುವುದಿಲ್ಲವೆಂದು ನಾವು ಹಟ ಹಿಡಿದೆವು. ಗ್ರಿಲ್‌ನ ಗುಬ್ಬಿ ಮುಚ್ಚಿ, ಸಿಲಿಂಡರ್ ತೆರೆದು, ಮಗಳು ಹಳೆಯ ಬ್ರಶ್ಶಿನಿಂದ ಸೋಪಿನ ನೊರೆಯನ್ನು ಒಂದೊಂದೇ ಜೋಡಣೆಗೆ ಬಳಿದಳು. ರೆಗ್ಯುಲೇಟರ್ ಕಡೆ ಏನೂ ಇಲ್ಲ. ಗ್ರಿಲ್‌ನ ಕಡೆಯ ತುದಿಯಲ್ಲಿ ಮಾತ್ರ ಒಂದು ಗುಳ್ಳೆ ನಿಧಾನವಾಗಿ ಉಬ್ಬಿತು, ಒಡೆಯಿತು, ಇನ್ನೊಂದು ಉಬ್ಬಿತು. ಸಾಸಿವೆ ಕಾಳಿನಷ್ಟೇ. ವಾಸನೆ ಯಾರ ಮೂಗಿಗೂ ಬಂದಿರಲಿಲ್ಲ. ಅಂಗಳದಲ್ಲಿದ್ದ ಹನ್ನೆರಡು ಮಂದಿಯೂ ಆ ಗುಳ್ಳೆಯನ್ನೇ ನೋಡುತ್ತಾ ನಿಂತರು. ತಕ್ಷಣ ಸಿಲಿಂಡರ್ ಮುಚ್ಚಿದೆವು. ಪೆಟ್ಟಿಗೆಯಲ್ಲಿ ಬಂದಿದ್ದ ಕ್ಲಿಪ್ ಎಷ್ಟು ತಿರುಗಿಸಿದರೂ ಬಿಗಿಯಾಗದು; ಅದರ ಹಲ್ಲೇ ಸವೆದಿತ್ತು. ಭಾವ ಮಾತಿಲ್ಲದೆ ಬೈಕ್ ಹತ್ತಿ ಸೀತಾಂಗೋಳಿಗೆ ಹೋಗಿ ಒಳ್ಳೆಯ ಕ್ಲಿಪ್ ತಂದರು. ಕೆಲವೇ ರೂಪಾಯಿಯ ವಸ್ತು! ಬಿಗಿದು ಪುನಃ ನೊರೆ ಬಳಿದು ಐದು ನಿಮಿಷ ಕಾದೆವು. ಗುಳ್ಳೆ ಏಳಲಿಲ್ಲ. ತಿರುಗಿ ನೋಡಿದರೆ ಅಮ್ಮ ಸಿಟೌಟಿನ ಮೆಟ್ಟಿಲಿಳಿದು ಅಂಗಳದಲ್ಲಿ ನಿಂತಿದ್ದರು.

ಹಚ್ಚುವಾಗ ಮುಚ್ಚಳ ತೆರೆದೇ ಇರಬೇಕು. ಮುಚ್ಚಿದ್ದರೆ ಒಳಗೆ ತುಂಬಿದ ಗ್ಯಾಸ್ ಒಮ್ಮೆಲೇ ಹೊತ್ತಿಕೊಂಡು ಮುಖಕ್ಕೆ ಬರುತ್ತದೆ. ನಾಲ್ಕೈದು ಸೆಕೆಂಡಿನಲ್ಲಿ ಹತ್ತದಿದ್ದರೆ ಗುಬ್ಬಿ ಮುಚ್ಚಿ ಐದು ನಿಮಿಷ ಕಾಯಬೇಕು, ಹಟಕ್ಕೆ ಬಿದ್ದು ಒತ್ತುತ್ತಲೇ ಇರಬಾರದು. ಜ್ವಾಲೆ ನೀಲಿಯಾಗಿ, ತುದಿ ಮಾತ್ರ ಚೂರು ಹಳದಿಯಾಗಿದ್ದರೆ ಸರಿ. ಪೂರ್ತಿ ಹಳದಿಯಾಗಿ ಮಸಿ ಹಿಡಿಸಿದರೆ ಗಾಳಿ ಸಾಲದು ಎಂದರ್ಥ. ಹೊಸ ಗ್ರಿಲ್‌ನಲ್ಲಿ ಕಾರ್ಖಾನೆಯ ಎಣ್ಣೆ ಇರುವುದರಿಂದ ಮೊದಲ ಇಪ್ಪತ್ತು ನಿಮಿಷ ಖಾಲಿ ಉರಿಸಿದೆವು. ಆ ನಾತಕ್ಕೆ ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಓಡಿದರು.

ಅಡುಗೆ ಹೇಗಾಯಿತು ಅಂತೀರಾ? ಕೋಳಿ ಮೊದಲು ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯಿತು. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಷವರ್ಮ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡದ್ದನ್ನು ಮರೆಯುವಂತಿಲ್ಲ. ಎಲುಬಿನ ಬುಡದಲ್ಲಿ ಕೆಂಪು ಕಂಡ ತುಂಡನ್ನೆಲ್ಲ ಪುನಃ ಜಾಲರಿಗೇರಿಸಿ, ಉರಿ ತಗ್ಗಿಸಿ, ಮುಚ್ಚಳ ಹಾಕಿ ಬೇಯಿಸಿದೆವು. ಕೋಳಿಯ ಒಳಗಿನ ಬಿಸಿ 74 ಡಿಗ್ರಿ ಮುಟ್ಟಬೇಕೆಂದು ಪುಸ್ತಕದಲ್ಲಿದೆ. ಹಂದಿ ಮಾಂಸದ ಕೊಬ್ಬು ಬರ್ನರಿಗೆ ತೊಟ್ಟಿಕ್ಕಿ ಭಗ್ಗೆಂದು ಎದ್ದಾಗ ನೀರು ಹಾಕಲು ಹೊರಟವರನ್ನು ತಡೆದು, ತುಂಡುಗಳನ್ನು ಬದಿಗೆ ಸರಿಸಿದ್ದು ಅತ್ತಿಗೆ.

ಬಂಗುಡೆಯ ಹೊತ್ತಿಗೆ ಅಮ್ಮನಿಗೆ ಸುಮ್ಮನಿರಲಾಗಲಿಲ್ಲ. "ಮೀನನ್ನು ಹಾಗೆ ಮಗುಚಿದರೆ ಚರ್ಮ ಕಿತ್ತು ಬರುತ್ತದೆ ಮಗ, ಸ್ವಲ್ಪ ತಾಳು" ಎಂದರು. ಜಾಲರಿ ಚೆನ್ನಾಗಿ ಕಾಯಬೇಕು, ಎಣ್ಣೆ ಸವರಬೇಕು, ಮೀನಿನ ಮೇಲೆ ನೀರಿನ ಪಸೆ ಇರಬಾರದು. ಬೆಂದ ಮೀನು ತಾನೇ ಜಾಲರಿ ಬಿಡುತ್ತದೆ. ಒಂದು ಕುರ್ಚಿ ತಂದು ಗ್ರಿಲ್‌ನಿಂದ ನಾಲ್ಕು ಮಾರು ದೂರದಲ್ಲಿ ಹಾಕಿದೆವು. ಅಮ್ಮ ಕುಳಿತಲ್ಲಿಂದಲೇ ಅಪ್ಪಣೆ ಕೊಡುತ್ತಾ ಹೋದರು. ಇಕ್ಕಳ ಹಿಡಿದದ್ದು ಭಾವ, ತಟ್ಟೆ ಹಿಡಿದದ್ದು ಅಣ್ಣ, ನೀರುಳ್ಳಿ ಹೆಚ್ಚಿದ್ದು ಚಿಕ್ಕಪ್ಪ. ಅಡಿಗೆಮನೆಯಲ್ಲಿ ಸಣ್ಣಗಳು ಮೊದಲೇ ಬೆಂದು ಇದ್ದುದರಿಂದ ಹೆಂಗಸರಿಗೆ ಒಳಗೆ ಕೆಲಸವೇ ಇರಲಿಲ್ಲ. ನಮಗೆ ನೆನಪಿರುವಂತೆ ಕ್ರಿಸ್ಮಸ್ ಊಟವನ್ನು ಅಮ್ಮ ಬಿಸಿಬಿಸಿಯಾಗಿ, ಎಲ್ಲರ ಜೊತೆ, ಮೊದಲ ಪಂಕ್ತಿಯಲ್ಲೇ ಉಂಡದ್ದು ಅಂದೇ ಮೊದಲು. ಕೊನೆಗೆ ಉಳಿದ ಉರಿಯಲ್ಲಿ ಗೆಣಸು ಸುಟ್ಟೆವು. ಮಕ್ಕಳು ಕೋಳಿಗಿಂತ ಅದನ್ನೇ ಹೆಚ್ಚು ತಿಂದರು.

ಭಾವ ಗಲ್ಫ್‌ಗೆ ಮರಳಿದರು, ಗ್ರಿಲ್ ಉಳಿಯಿತು. ಮಳೆಗಾಲದಲ್ಲಿ ಅಣ್ಣ ಒಮ್ಮೆ ಅದನ್ನು ಸಿಟೌಟಿನ ಮಾಡಿನಡಿ ಹಚ್ಚೋಣ ಎಂದಾಗ ಬೇಡವೆಂದವರು ಅಮ್ಮ. ಮಾಡಿನಡಿ ಬೆಂಕಿಯ ಭಯ; ಬಾಗಿಲು ಕಿಟಕಿಯಿಂದ ಒಳನುಗ್ಗುವ ಕಾರ್ಬನ್ ಮೊನಾಕ್ಸೈಡ್ ಅದಕ್ಕಿಂತ ದೊಡ್ಡ ಭಯ, ಅದಕ್ಕೆ ವಾಸನೆಯೇ ಇಲ್ಲ. ಜಾಲರಿಗೆ ತೆಂಗಿನೆಣ್ಣೆ ಸವರಿ, ಗ್ರಿಲ್ಲನ್ನು ಗೋಣಿಯಲ್ಲಿ ಸುತ್ತಿ ಕೊಟ್ಟಿಗೆಯಲ್ಲಿಟ್ಟೆವು. ಸಿಲಿಂಡರನ್ನು ಮುಚ್ಚಳ ಬಿಗಿದು, ನೆಟ್ಟಗೆ ನಿಲ್ಲಿಸಿ, ಗಾಳಿಯಾಡುವ ಕಡೆ ಬೇರೆಯಾಗಿಯೇ ಇಟ್ಟೆವು.

ಮಳೆ ಬಿಟ್ಟ ಮೇಲೆ ಜೀಗುಜ್ಜೆ ಸುಡೋಣವೆಂದು ಹೊರತೆಗೆದರೆ ಬರ್ನರಿನ ಕೊಳವೆಯೊಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಜೇಡರ ಬಲೆಯಷ್ಟೇ ಇದ್ದರೂ ಗ್ಯಾಸ್ ಹಿಂದಕ್ಕೆ ತಿರುಗಿ ಗುಬ್ಬಿಯ ಬಳಿಯೇ ಹೊತ್ತಿಕೊಳ್ಳುವುದುಂಟು. ಉದ್ದ ತಂತಿಗೆ ಬಟ್ಟೆ ಸುತ್ತಿ ಕೊಳವೆ ಪೂರ್ತಿ ಸ್ವಚ್ಛ ಮಾಡಿ, ಬಾಯಿಗೆ ಸಣ್ಣ ತಂತಿಬಲೆ ಕಟ್ಟಿದೆವು. ಅಷ್ಟರಲ್ಲಿ ಅಮ್ಮ ಒಳಗಿನಿಂದ ಒಂದು ಕೈಯಲ್ಲಿ ಉಪ್ಪು, ಮೆಣಸಿನಪುಡಿ ಹಚ್ಚಿದ ಜೀಗುಜ್ಜೆಯ ಹೋಳು, ಇನ್ನೊಂದು ಕೈಯಲ್ಲಿ ಸೋಪು ನೀರಿನ ಬಟ್ಟಲು ಹಿಡಿದು ಬಂದರು.