ಮೂರು ಊರಿನ ಕುದುರೆ

ನಾನು ಮೆಲ್ಬೋರ್ನಿಗೆ ಹೋದದ್ದು ಮಗಳ ಬಾಣಂತನಕ್ಕೆ, ಕುದುರೆ ನೋಡುವುದಕ್ಕಲ್ಲ. ಮುಂಬಯಿಯ ನಮ್ಮ ಮನೆಯಲ್ಲಿ ರೇಸಿನ ಮಾತನ್ನೇ ಎತ್ತುವಂತಿರಲಿಲ್ಲ. ಲೋಕಲ್ ಗಾಡಿ ಮಹಾಲಕ್ಷ್ಮಿ ಸ್ಟೇಷನ್ನು ದಾಟುವಾಗ ಮಕ್ಕಳು ರೇಸ್‌ಕೋರ್ಸಿನತ್ತ ಕತ್ತು ಹೊರಳಿಸಿದರೆ ನಮ್ಮವರು "ಈ ಕಡೆ ನೋಡಿ" ಎಂದು ಗದರುತ್ತಿದ್ದರು. ಅಂಥ ಮನೆಯವಳಾದ ನಾನು ಎಂದೋ ಸತ್ತ ರೇಸ್ ಕುದುರೆಯೊಂದರ ಎದುರು ಅರ್ಧ ಗಂಟೆ ನಿಂತು ಬಂದೆನೆಂದರೆ ಓದುಗರು ನಗಬಹುದು.

ಮಗುವಿಗೆ ಮೂರು ತಿಂಗಳು ತುಂಬಿತ್ತು. ಅದರ ಪಾಸ್‌ಪೋರ್ಟಿನ ಅರ್ಜಿ ತುಂಬುತ್ತ ಕುಳಿತ ಮಗಳು, "ಅಮ್ಮಾ, ಅಪ್ಪನ ಊರು ಧಾರವಾಡ, ನನ್ನದು ಮುಂಬಯಿ, ಇವಳು ಹುಟ್ಟಿದ್ದು ಇಲ್ಲಿ. ಇವಳನ್ನು ಎಲ್ಲಿಯವಳು ಅನ್ನೋದು?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ಭಾನುವಾರ. "ಅತ್ತೆ, ಈ ಊರಿಗೆ ಬಂದವರು ಫಾರ್ ಲ್ಯಾಪ್ ನೋಡದೆ ಹೋಗಬಾರದು" ಎಂದು ಅಳಿಯಂದಿರು ನಮ್ಮನ್ನೆಲ್ಲ ಕಾರ್ಲ್ಟನ್ ತೋಟದ ಮ್ಯೂಸಿಯಮ್ಮಿಗೆ ಕರೆದೊಯ್ದರು.

ದೊಡ್ಡ ಗಾಜಿನ ಪೆಟ್ಟಿಗೆಯೊಳಗೆ ಕೆಂಗಂದು ಬಣ್ಣದ ಕುದುರೆ. ಹೆಗಲ ಎತ್ತರವೇ ಸುಮಾರು ೫ ಅಡಿ ೯ ಅಂಗುಲ. ಈಗ ಹೆಜ್ಜೆ ಕಿತ್ತೀತು ಎನ್ನುವ ಹಾಗೆ ನಿಂತಿದೆ. ಆದರೆ ಇಲ್ಲಿರುವುದು ಅದರ ಚರ್ಮ ಮಾತ್ರ. ಹೃದಯವಿರುವುದು ಕ್ಯಾನ್‌ಬೆರಾದ ಮ್ಯೂಸಿಯಮ್ಮಿನಲ್ಲಿ. ಎಲುಬುಗೂಡು ಸಮುದ್ರದಾಚೆ, ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ.

"ಅಯ್ಯೋ, ಒಂದು ಜೀವವನ್ನು ಹೀಗೆ ಪಾಲು ಹಾಕಿಕೊಂಡರೇ?" ಎಂದೆ. ಅಳಿಯಂದಿರು ಅದರ ಕಥೆ ಹೇಳಿದರು.

ಅದು ಹುಟ್ಟಿದ್ದು ೧೯೨೬ರಲ್ಲಿ, ನ್ಯೂಜಿಲೆಂಡಿನ ತಿಮಾರು ಎಂಬ ಊರಿನ ಬಳಿ. ಹ್ಯಾರಿ ಟೆಲ್ಫೋರ್ಡ್ ಎಂಬ ಬಡ ತರಬೇತುದಾರ ಅದರ ವಂಶಾವಳಿ ಓದಿ ಮರುಳಾಗಿ, ಸಿಡ್ನಿಯಲ್ಲಿದ್ದ ಡೇವಿಸ್ ಎಂಬ ಅಮೆರಿಕದ ವ್ಯಾಪಾರಿಯನ್ನು ಒಪ್ಪಿಸಿ, ೧೯೨೮ರ ಹರಾಜಿನಲ್ಲಿ ೧೬೦ ಗಿನಿಗೆ ಕೊಡಿಸಿದ. ಹಡಗಿಳಿದು ಬಂದದ್ದು ಮುಖದ ಮೇಲೆ ನರಹುಲಿಯೆದ್ದ ಒಂದು ಬಡಕಲು ಮರಿ. ಡೇವಿಸನಿಗೆ ಕೆಂಡದಂಥ ಸಿಟ್ಟು. ತರಬೇತಿಗೆ ಕಾಸು ಕೊಡೆನೆಂದು ಬಿಟ್ಟ. ಕೊನೆಗೆ ಟೆಲ್ಫೋರ್ಡನೇ ಅದನ್ನು ಮೂರು ವರ್ಷ ಗುತ್ತಿಗೆಗೆ ಪಡೆದು, ಗೆದ್ದ ಹಣದಲ್ಲಿ ಮೂರನೆಯ ಒಂದು ಪಾಲನ್ನು ಡೇವಿಸನಿಗೆ ಕೊಡುವುದೆಂದಾಯಿತು. ಹೆಸರೇನೋ ಭಾರಿ: ಥಾಯ್ ಭಾಷೆಯಲ್ಲಿ ಮಿಂಚು ಎಂದರ್ಥ. ಆ ಮಿಂಚು ಮೊದಲ ಓಟದಲ್ಲಿ ಕಟ್ಟಕಡೆಗೆ ಬಂದಿತು!

೧೯೨೯ರ ಏಪ್ರಿಲಿನಲ್ಲಿ ಮೊದಲ ಗೆಲುವು. ಆಮೇಲೆ ತಡೆಯುವವರಿಲ್ಲ. ಒಟ್ಟು ೫೧ ಓಟಗಳಲ್ಲಿ ೩೭ ಗೆಲುವು. ಅದು ಜಗತ್ತಿಗೇ ಹಣದ ಮುಗ್ಗಟ್ಟು ಬಂದ ಕಾಲ. ಕೆಲಸ ಕಳೆದುಕೊಂಡ ಜನಕ್ಕೆ ಈ ಕುದುರೆಯ ಗೆಲುವೇ ತಮ್ಮ ಗೆಲುವಾಯಿತು. ಜೂಜಿನ ಕೆಲವರಿಗೆ ಅದೇ ಕಣ್ಣುರಿಯೂ ಆಗಿದ್ದಿರಬೇಕು. ೧೯೩೦ರ ನವೆಂಬರ್ ೧ರ ಬೆಳಗ್ಗೆ ಯಾರೋ ಕಾರಿನಲ್ಲಿ ಬಂದು ಅದರ ಮೇಲೆ ಗುಂಡು ಹಾರಿಸಿದರು. ಅದನ್ನು ನಡೆಸಿಕೊಂಡು ಬರುತ್ತಿದ್ದ ಲಾಯದಾಳು ಟಾಮಿ ವುಡ್‌ಕಾಕ್ ತಾನೇರಿದ್ದ ತಟ್ಟುವನ್ನು ಅಡ್ಡ ನಿಲ್ಲಿಸಿದ. ಗುಂಡು ತಗಲಲಿಲ್ಲ. ಅದೇ ಮಧ್ಯಾಹ್ನ ಕುದುರೆ ಒಂದು ಓಟ ಗೆದ್ದಿತು; ಮೂರು ದಿನ ಬಿಟ್ಟು, ಊರಿಗೆಲ್ಲ ರಜೆಯಿರುವ ಆ ಮಂಗಳವಾರ, ಎರಡು ಮೈಲಿಯ ಮೆಲ್ಬೋರ್ನ್ ಕಪ್ಪನ್ನೂ ಗೆದ್ದಿತು.

ಈ ಆಟದ ಒಂದು ನಿಯಮ ನನಗೆ ವಿಚಿತ್ರವೆನಿಸಿತು. ಇಂಥ ಓಟಗಳಲ್ಲಿ ಒಳ್ಳೆಯ ಕುದುರೆ ಹೆಚ್ಚು ಭಾರ ಹೊರಬೇಕು; ಜಾಕಿಯ ತೂಕ ಸಾಲದಿದ್ದರೆ ಸೀಸ ಸೇರಿಸುತ್ತಾರೆ. ಆ ವರ್ಷ ಇದರ ಬೆನ್ನಿಗೆ ೧೩೮ ಪೌಂಡು, ಮರುವರ್ಷ ೧೫೦. ಆ ಸಲ ಎಂಟನೆಯದಾಗಿ ಬಂದಿತು. ನನ್ನ ಮಗಳು ನಗುತ್ತ, "ನಮ್ಮ ಆಫೀಸಿನಲ್ಲೂ ಹೀಗೇ ಅಮ್ಮಾ, ಚೆನ್ನಾಗಿ ಮಾಡಿದವರಿಗೇ ಇನ್ನಷ್ಟು ಕೆಲಸ" ಎಂದಳು.

ಮುಂದೆ ಡೇವಿಸನ ಆಸೆ ಅದನ್ನು ಹಡಗು ಹತ್ತಿಸಿತು. ೧೯೩೨ರ ಮಾರ್ಚ್ ೨೦ರಂದು ಮೆಕ್ಸಿಕೋದ ಆಗ್ವಾ ಕಾಲಿಯೆಂಟೆಯಲ್ಲಿ, ಗೊರಸಿಗೆ ಪೆಟ್ಟಾಗಿದ್ದರೂ, ಕುದುರೆ ಓಡಿ ಗೆದ್ದಿತು. ಅದೇ ಕೊನೆಯ ಓಟ. ಏಪ್ರಿಲ್ ೫ರಂದು ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನಲ್ಲಿ ನೋವಿನಿಂದ ಒದ್ದಾಡಿ ಸತ್ತಿತು. ಅದರ ಕೂದಲಲ್ಲಿ ಆರ್ಸೆನಿಕ್ ವಿಷದ ಗುರುತು ಕಂಡಿತೆಂದು ೨೦೦೮ರಲ್ಲಿ ವಿಜ್ಞಾನಿಗಳು ಹೇಳಿದರು. ಯಾರಾದರೂ ಹಾಕಿದರೋ, ಆ ಕಾಲದ ಟಾನಿಕ್ಕುಗಳಿಂದ ಬಂದಿತೋ, ವಾದ ಮುಗಿದಿಲ್ಲ.

ಸತ್ತ ಮೇಲೆ ಎಲ್ಲರಿಗೂ ಅದು ಬೇಕಾಯಿತು. ಹುಟ್ಟಿದ ನಾಡು ಎಲುಬನ್ನು ಪಡೆಯಿತು. ಓಡಿದ ನಾಡು ಚರ್ಮವನ್ನೂ ಹೃದಯವನ್ನೂ ಇಟ್ಟುಕೊಂಡಿತು. ಆ ಹೃದಯ ೬ ಕಿಲೋಗ್ರಾಮಿಗೂ ಹೆಚ್ಚು ತೂಗಿತಂತೆ. ಗಟ್ಟಿ ಎದೆಯವರನ್ನು ಅಲ್ಲಿನ ಜನ ಇಂದಿಗೂ ಫಾರ್ ಲ್ಯಾಪಿನ ಹೃದಯಕ್ಕೆ ಹೋಲಿಸುತ್ತಾರೆ. ೨೦೧೦ರಲ್ಲಿ, ನೂರೈವತ್ತನೆಯ ಕಪ್ಪಿನ ನೆನಪಿಗೆ, ಎಲುಬುಗೂಡನ್ನು ತಂದು ಚರ್ಮದ ಪಕ್ಕದಲ್ಲಿ ನಿಲ್ಲಿಸಿದ್ದರಂತೆ.

"ಆ ಲಾಯದ ಹುಡುಗನಿಗೆ ಏನು ಸಿಕ್ಕಿತು?" ಎಂದು ಕೇಳಿದೆ. ಅಳಿಯಂದಿರು ಸುಮ್ಮನಾದರು. ಆಮೇಲೆ, "ಅತ್ತೆ, ಲೋಕಕ್ಕೆಲ್ಲ ಅದು ಫಾರ್ ಲ್ಯಾಪ್, ಟಾಮಿ ಮಾತ್ರ ಅದನ್ನು ಬಾಬಿ ಅಂತ ಕರೀತಿದ್ದನಂತೆ. ಅವನ ಹಿಂದೆ ನಾಯಿಮರಿಯ ಹಾಗೆ ಬರ್ತಿತ್ತಂತೆ. ಸಾಯುವಾಗಲೂ ಅವನೇ ಹತ್ತಿರ ಇದ್ದದ್ದು" ಎಂದರು.

ಮತ್ತೊಮ್ಮೆ ಆ ಗಾಜಿನೊಳಗೆ ನೋಡಿದೆ. ಬಾಬಿ ಎಂದು ಕರೆದರೆ ಕಿವಿ ನಿಮಿರೀತೆನ್ನಿಸಿತು.

ಅಷ್ಟರಲ್ಲಿ ತಳ್ಳುಗಾಡಿಯಲ್ಲಿ ಮಗು ಎಚ್ಚರಗೊಂಡು ರಾಗ ಎಳೆಯಿತು. ಅರ್ಜಿಯಲ್ಲಿ ಬರೆದದ್ದು ಉದ್ದನೆಯ ಹೆಸರು. ನಾನು ಬಗ್ಗಿ, "ಯಾಕೆ ಪುಟ್ಟೀ, ಬಂದೆ ಕಣೇ" ಎಂದೆ. ಅಳು ನಿಲ್ಲಿಸಿ ನನ್ನ ಕಡೆ ತಿರುಗಿತು. ಮಗಳನ್ನು ಕರೆದು, "ನಿನ್ನೆ ಕೇಳಿದೆಯಲ್ಲ, ನೋಡು, ಇವಳು ಈ ಮಾತಿನವಳು. ಇದನ್ನು ಬಿಡಿಸಬೇಡ" ಎಂದೆ.