ಇಡ್ರಿ ಯಜಮಾನ್ರ, ನಾ ತೊಳೀತೀನಿ

ಮೊನ್ನೆ ಹಾವೇರಿ ಡಿಸಿ ಆಫೀಸಿಗೆ ಮನವಿ ಕೊಟ್ಟು ಹೊರಗೆ ಬಂದಾಗ ನಮ್ಮ ಸಂಘಟನೆಯ ಹುಡುಗನೊಬ್ಬ ಕೇಳಿದ: "ಅಣ್ಣಾ, ಬೆಳಗ್ಗಿಂದ ಇದು ಆರನೇ ಚಾ. ಮನ್ಯಾಗ ಚಾ ಸಿಗಂಗಿಲ್ಲೇನು?" ಎಲ್ಲರೂ ನಕ್ಕರು, ನಾನೂ ನಕ್ಕೆ. ಮನ್ಯಾಗ ಚಾ ಸಿಗತೈತಿ. ಚಾದಂಗಡಿ ಸಿಗಂಗಿಲ್ಲ. ಅಲ್ಲಿ ಹೇಳೋಕೆ ಆಗದ್ದನ್ನು ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಐತಿ, ಓದ್ರಿ.

ನಮ್ಮದು ಬ್ಯಾಡಗಿ ತಾಲೂಕಿನ ಸಣ್ಣ ಹಳ್ಳಿ. ಅಗಸಿ ಹತ್ತಿರ ಒಂದು ಹೋಟೆಲ್ ಇತ್ತು. ತಗಡಿನ ಛಾವಣಿ, ಎರಡು ಬೆಂಚು, ಒಂದು ಒಲಿ. ನಮ್ಮಪ್ಪನ ಗ್ಲಾಸು ಮಾತ್ರ ಒಳಗಿರಲಿಲ್ಲ. ಹೊರಗಿನ ಗೋಡೆಯ ಗೂಡಿನಲ್ಲಿ ಮೂರು ಗ್ಲಾಸು ಇರ್ತಿದ್ವು, ಇಡೀ ಕೇರಿಗೆ ಅವೇ. ಅಪ್ಪ ತಾನೇ ತೊಳೆದು ಹಿಡಿಯಬೇಕು, ಅವರು ಮೇಲಿಂದ ಸುರೀತಿದ್ರು. ನಿಂತೇ ಕುಡಿದು, ಮತ್ತೆ ತೊಳೆದು, ಗೂಡಿನಲ್ಲಿ ಇಡಬೇಕು. ರೊಕ್ಕ ಕಟ್ಟೆ ಮೇಲಿಟ್ಟರೆ ಎತ್ತಿಕೊಳ್ತಿದ್ದರು. ರೊಕ್ಕಕ್ಕ ಮೈಲಿಗಿ ಇರಲಿಲ್ಲ. ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 1955ರಲ್ಲೇ ಬಂದಿತ್ತು. ಅಂಗಡಿ, ಹೋಟೆಲಿನ ಪ್ರವೇಶಕ್ಕೆ ಜಾತಿ ಅಡ್ಡ ಬರಬಾರದು ಅಂತ ಸಂವಿಧಾನದ 15ನೇ ವಿಧಿ ಅದಕ್ಕೂ ಮೊದಲೇ ಹೇಳಿತ್ತು. ನಾ ಹೇಳ್ತಿರೋದು 1980ರ ಮಾತು.

ಆ ವರ್ಷ ಗೌಡರ ಹತ್ತಿ ಗಾಡಿ ಹೊಡ್ಕೊಂಡು ಅಪ್ಪ ರಾಣೆಬೆನ್ನೂರಿಗೆ ಹೊರಟಾಗ ನಾನೂ ಹತ್ತಿದೆ. ನನಗಾಗ ಹನ್ನೆರಡು. ಮಾಲು ಇಳಿಸಿದ ಮೇಲೆ ಒಂದು ಹೋಟೆಲಿನ ಮುಂದೆ ಅಪ್ಪ ಹೊರಗೇ ನಿಂತ. ಒಳಗಿನ ಹುಡುಗ, "ಬರ್ರಿ, ಒಳಗ ಕುಂದರ್ರಿ" ಅಂದ. ಕುಂತಿವಿ. ಒಗ್ಗರಣಿ, ಮಿರ್ಚಿ, ಆಮೇಲೆ ಕಪ್ಪು-ಬಶಿಯಲ್ಲಿ ಚಾ. ಅಪ್ಪ ಬಶಿಗೆ ಸುರಿದು ನನಗೆ ಕೊಟ್ಟ, ಕಪ್ಪಿನಲ್ಲಿ ಉಳಿದದ್ದು ತಾನು ಕುಡಿದ. ಕುಡಿದಾದ ಮೇಲೆ ಕಪ್ಪು-ಬಶಿ ಎರಡೂ ಎತ್ತಿಕೊಂಡು ನೀರಿನ ತೊಟ್ಟಿ ಕಡೆ ನಡೆದ. ಹುಡುಗ ಓಡಿಬಂದು ಕೈಯಿಂದ ತಗೊಂಡ. "ಇಡ್ರಿ ಯಜಮಾನ್ರ, ನಾ ತೊಳೀತೀನಿ."

ವಾಪಸ್ ಬರುವಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕತ್ತಲಾದ ಮೇಲೆ ಒಂದೇ ಮಾತು: "ಯಜಮಾನ್ರ ಅಂದ ನೋಡು." ನಮ್ಮ ಜಾತಿ ಗೊತ್ತಾಗಿದ್ರೆ ಆ ಹುಡುಗ ಏನನ್ನುತ್ತಿದ್ದನೋ. ಅದನ್ನ ಅಪ್ಪನೂ ಯೋಚಿಸಿರಬೇಕು.

ಅವತ್ತಿಂದ ನಾನು ಚಾದಂಗಡಿಯ ಗಿರಾಕಿ. ಈ ಮೂರೂರಿನ ಚಾ ಕುಡಿದೇ ನನ್ನ ಅರ್ಧ ಆಯುಷ್ಯ ಹೋಗೈತಿ. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡ್ ಕಡೆಯ ಚಾ ಸಿಹಿ ಜಾಸ್ತಿ, ಬಸ್ ತಪ್ಪಿದವರಿಗೆ ಅದು ಬೇಕು. ಹಾವೇರಿ ಏಲಕ್ಕಿ ಹಾರಕ್ಕೆ ಹೆಸರಾದ ಊರು, ಆದ್ರೂ ನಾ ಕೂಡೋ ಅಂಗಡ್ಯಾಗ ಶುಂಠಿನೇ ಕುಟ್ಟಿ ಹಾಕ್ತಾರ. ಹೊಸಮನಿ ಸಿದ್ದಪ್ಪ ಸರ್ಕಲ್‌ನಲ್ಲಿ ಘೋಷಣೆ ಕೂಗಿ ಗಂಟಲು ಕಟ್ಟಿದವರಿಗೆ ಅದೇ ಔಷಧ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಮಾರ್ಕೆಟ್. ಅವತ್ತು ಘಾಟಿಗೆ ಚಾದಂಗಡಿಯೊಳಗೆ ದಲ್ಲಾಳಿ, ರೈತ, ಹಮಾಲ ಎಲ್ಲರೂ ಒಟ್ಟಿಗೇ ಸೀನ್ತಾರ. ತುಂಬು ಬಿಡಿಸೋ ಹೆಣ್ಮಕ್ಕಳು ಮಾತ್ರ ಒಳಗೆ ಬರಂಗಿಲ್ಲ, ಅವರ ಚಾ ಕಿಟ್ಲಿಯಲ್ಲಿ ಹೋಗತೈತಿ. ನಮ್ಮವ್ವನೂ ಅಲ್ಲಿ ತುಂಬು ಬಿಡಿಸಿದಾಕಿ. ರಾತ್ರಿ ಆಕಿ ಕೈ ಉರಿ ಆರ್ತಿರಲಿಲ್ಲ.

ಈಗ ಹೇಳೋಕೆ ಕಷ್ಟದ ಮಾತು. ಅಪ್ಪ ಇನ್ನೊಂದು ಅಂಗಡಿಗೂ ಗಿರಾಕಿ ಆಗಿದ್ದ. ಸಾರಾಯಿ ಅಂಗಡಿ. ಅಲ್ಲಿ ಬೆಂಚಿತ್ತು, ಗ್ಲಾಸು ಒಳಗೇ ಇತ್ತು, ಕೂತು ಕುಡೀಬಹುದಿತ್ತು. ಹಗಲು ಹೋಟೆಲಿನ ಹೊರಗೆ ನಿಲ್ಲಿಸಿದವರೇ ಸಂಜೆ ಅಲ್ಲಿ ಪಕ್ಕದಲ್ಲಿ ಕೂತು "ಏನಪಾ" ಅಂತಿದ್ರು. ಮರುದಿನ ಬೆಳಗ್ಗೆ ಮತ್ತೆ ಅದೇ ಗೂಡು, ಅದೇ ಮೂರು ಗ್ಲಾಸು. ಅಪ್ಪನ ಕೂಲಿ ಅಲ್ಲೇ ಹೋಯ್ತು, ಆಮೇಲೆ ಅವ್ವನ ಕೂಲಿ, ಆಮೇಲೆ ಅಪ್ಪ.

ದಲಿತ ಸಂಘರ್ಷ ಸಮಿತಿ ಹೆಂಡ-ಸಾರಾಯಿ ವಿರುದ್ಧ ನಿಂತು ನಮ್ಮ ಮಕ್ಕಳಿಗೆ ವಸತಿ ಶಾಲೆ ಕೇಳಿದಾಗ ನಾನೂ ಕೂಗಿದ್ದೀನಿ. ಆ ಕೂಗು ಸರಿ ಇತ್ತು, ಇವತ್ತಿಗೂ ಸರಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪಾಕೀಟು ಹೋಗಿ ಕಿರಾಣಿ ಅಂಗಡಿಯ ಹಿಂದೆ ಟೆಟ್ರಾ ಪ್ಯಾಕ್ ಬಂತು, ಕೇರಿಯ ಹುಡುಗರು ಈಗ ಅದನ್ನ ಕುಡೀತಾರ. ಆದ್ರೆ ಮೈಕಿನ ಮುಂದೆ ನಾನು ಒಂದು ಮಾತು ಯಾವತ್ತೂ ಹೇಳಿಲ್ಲ: ನಮ್ಮಪ್ಪ ಮೊದಮೊದಲು ಅಲ್ಲಿಗೆ ಹೋಗಿದ್ದು ಸಾರಾಯಿಗಲ್ಲ, ಬೆಂಚಿಗೆ. ಕುಡೀಬ್ಯಾಡ ಅನ್ನೋದು ಸುಲಭ. ದುಡಿದು ಬಂದ ಮನುಷ್ಯ ನಾಲ್ಕು ಜನರ ನಡುವೆ ಮರ್ಯಾದೆಯಿಂದ ಕೂಡೋ ಜಾಗ ಎಲ್ಲೈತಿ, ಅದನ್ನೂ ನಾವೇ ಹೇಳಬೇಕಲ್ಲ? 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿದದ್ದು ಬಾಯಾರಿಕೆಗಲ್ಲ.

ನಮ್ಮೂರಿನ ಹೋಟೆಲಿನ ಬಗ್ಗೆ ನಾವು ದೂರು ಕೊಟ್ಟಿವಿ. ಅಧಿಕಾರಿಗಳು ಬಂದರು, ಸಭೆ ಆಯ್ತು, ಗೂಡಿನ ಗ್ಲಾಸು ಹೋದವು. ಎರಡು ತಿಂಗಳು ಹೋಟೆಲ್ ಮುಚ್ಚಿತ್ತು. ತೆರೆದಾಗ ಎಲ್ಲರಿಗೂ ಪ್ಲಾಸ್ಟಿಕ್ ಕಪ್ಪು. ಗ್ಲಾಸು ಎಲ್ಲಿ ಅಂದ್ರ, "ಒಡದು ಹೋದುವ್ರಿ." ಆಮೇಲೆ ಪೇಪರ್ ಕಪ್ಪು ಬಂತು. ಕಾನೂನು ಪಾಲನೆ ಆಯ್ತು, ದೂರು ಕೊಡೋಕೆ ಏನೂ ಉಳೀಲಿಲ್ಲ. ನಮ್ಮ ಎಂಜಲು ತೊಳೆಯೋದೊಂದು ತಪ್ಪಿತು ಅವರಿಗೆ. ಅದಕ್ಕೇ ನಾನು ಎಲ್ಲಿ ಹೋದರೂ "ಗ್ಲಾಸಿನ್ಯಾಗ ಕೊಡ್ರಿ" ಅನ್ನೋದು. ಹುಡುಗರು ಇದನ್ನ ನನ್ನ ಶೋಕಿ ಅನ್ಕೊಂಡಾರ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಹೋಟೆಲ್ ಈಗ ಮೊಮ್ಮಗನ ಕೈಯಲ್ಲೈತಿ. ಗ್ಲಾಸಿನ್ಯಾಗ ಚಾ ಕೇಳಿದೆ. ನನ್ನ ಮುಖ ನೋಡಿದ, ಒಳಗೆ ಹೋದ, ಒಂದು ಗ್ಲಾಸು ತಂದು ತೊಳೆದು ಚಾ ಕೊಟ್ಟ. ಬೆಂಚಿನ ಮೇಲೆ ಕೂತು ಕುಡಿದೆ. ಚಾ ಚಲೋ ಇತ್ತು, ಸುಳ್ಳು ಹೇಳಂಗಿಲ್ಲ. ಎದ್ದಾಗ ನನಗೇ ಗೊತ್ತಿಲ್ಲದಂಗ ಗ್ಲಾಸು ಎತ್ತಿಕೊಂಡು ನೀರಿನ ಕಡೆ ಎರಡು ಹೆಜ್ಜೆ ಇಟ್ಟಿದ್ದೆ. ಐವತ್ತು ದಾಟಿದ ಮೇಲೂ, ಇಷ್ಟೆಲ್ಲ ಭಾಷಣ ಮಾಡಿದ ಮೇಲೂ. ಆ ಹುಡುಗ "ಇಡ್ರಿ" ಅನ್ನಲಿಲ್ಲ. "ತೊಳೀರಿ" ಅಂತಲೂ ಅನ್ನಲಿಲ್ಲ. ರಸ್ತೆ ಕಡೆ ನೋಡ್ತಾ ನಿಂತ.

ವಾಪಸ್ ಬಂದು ಗ್ಲಾಸನ್ನ ಹಂಗೇ, ತೊಳೀದೇ, ಅವನ ಮುಂದಿನ ಟೇಬಲ್ ಮೇಲೆ ಇಟ್ಟೆ. ರೊಕ್ಕ ಕೈಗೇ ಕೊಟ್ಟೆ, ತಗೊಂಡ.

ಬರೋ ಅಮಾಸಿಗೆ ಮತ್ತೆ ಹೋಗ್ತೀನಿ, ಗ್ಲಾಸೇ ಕೇಳ್ತೀನಿ. ನೀವೂ ನಿಮ್ಮ ಊರಾಗ ಒಮ್ಮೆ ಕೇಳಿ ನೋಡ್ರಿ. ಏನಾತು ಅಂತ ಕೆಳಗ ಬರೀರಿ.

ಜೈ ಭೀಮ್.