ಗಂಟುನೋವಿಗೂ ಹೃದಯಕ್ಕೂ ಏನು ಸಂಬಂಧ?

ತಿಂಗಳ ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಒಯ್ಯುವ ಗುರುಗಳಿಗೆ ಒಂದು ಬಗೆಯ ಕೈಗಳು ಬಹು ಪರಿಚಿತ. ಗೆಣ್ಣುಗಳು ಊದಿ, ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿಕೊಂಡಿರುವ ಕೈಗಳು. ಕಾರ್ಕಳದ ಕಡೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಿಯೊಬ್ಬರು, "ಬೆಳಿಗ್ಗೆ ಒಂದು ಗಂಟೆ ಬೆರಳು ಮಡಚಲಿಕ್ಕೇ ಆಗುವುದಿಲ್ಲ ಫಾದರ್, ಜಪಮಾಲೆಯ ಮಣಿಯೂ ಜಾರುತ್ತದೆ" ಎಂದಿದ್ದರು. ಎಲೆ ಸುತ್ತಿ ಸುತ್ತಿ ಹೀಗಾಯಿತೆಂಬುದು ಅವರ ನಂಬಿಕೆಯಾಗಿತ್ತು.

ಇದು ಕೇವಲ ದುಡಿದು ಸವೆದ ಗಂಟಿನ ನೋವಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ, ರೋಗಾಣುಗಳ ವಿರುದ್ಧ ಹೋರಾಡಬೇಕಾದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಈ ಕಾಳಗದ ಡಂಗುರ ಸಾರುವವು ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಪ್ರೋಟೀನುಗಳು. ಇವು ಕೀಲಿನೊಳಗೇ ಉಳಿಯುವುದಿಲ್ಲ; ರಕ್ತದೊಡನೆ ದೇಹವೆಲ್ಲ ಸಂಚರಿಸುತ್ತವೆ. ಯಕೃತ್ತಿಗೆ ತಲುಪಿದಾಗ ಅದು ಸಿಆರ್‌ಪಿ ಎಂಬ ಇನ್ನೊಂದು ಪ್ರೋಟೀನನ್ನು ಹೇರಳವಾಗಿ ತಯಾರಿಸುತ್ತದೆ; ರಕ್ತಪರೀಕ್ಷೆಯ ಚೀಟಿಯಲ್ಲಿ ನೀವು ಕಾಣುವುದು ಇದನ್ನೇ. ರಕ್ತನಾಳಗಳ ಒಳಗೋಡೆಯೂ ಕೆರಳುತ್ತದೆ, ಅಲ್ಲಿ ಕೊಬ್ಬು ಬೇಗ ಕೂರುತ್ತದೆ, ಕೂತ ಕೊಬ್ಬಿನ ಪದರ ಬಿರಿಯುವುದೂ ಸುಲಭ. ಆದುದರಿಂದಲೇ, ಸಾಮಾನ್ಯ ಲೆಕ್ಕಾಚಾರದಿಂದ ಬಂದ ಹೃದಯಾಪಾಯದ ಅಂಕಿಯನ್ನು ಈ ರೋಗಿಗಳ ವಿಷಯದಲ್ಲಿ 1.5ರಿಂದ ಗುಣಿಸಬೇಕೆಂದು ಯೂರೋಪಿನ ಸಂಧಿವಾತ ತಜ್ಞರ ಒಕ್ಕೂಟ 2017ರಲ್ಲಿ ಪ್ರಕಟಿಸಿದ ಸಲಹೆಯಲ್ಲಿ ತಿಳಿಸಿದೆ.

ಕಾಪುವಿನ ಒಂದು ಮನೆಯಲ್ಲಿ ಸಾಂತ್ವನದ ಪ್ರಾರ್ಥನೆ ಮುಗಿದ ಮೇಲೆ ಬಂಧುಗಳು, "ಅಕ್ಕನಿಗೆ ಹೃದಯದ ತೊಂದರೆ ಏನೂ ಇರಲಿಲ್ಲ, ಗಂಟುನೋವು ಮಾತ್ರ" ಎಂದರು. ಹೃದಯಾಘಾತವಾದಾಗ ಆಕೆಗೆ ಅರವತ್ತೂ ತುಂಬಿರಲಿಲ್ಲ. ಎರಡಕ್ಕೂ ನಂಟಿತ್ತೆಂದು ನಾನು ಹೇಳಲಾರೆ, ಅದು ವೈದ್ಯರ ಮಾತು. ಆದರೆ ಆ "ಮಾತ್ರ" ಎಂಬ ಪದ ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು.

1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದ ಮಣಿಪಾಲ ನಮಗೆ ಬಸ್ಸಿನ ದೂರದಲ್ಲಿದೆ. ಆದರೂ "ಗಂಟುನೋವಿಗೆ ಮಣಿಪಾಲವೇಕೆ?" ಎನ್ನುತ್ತೇವೆ! ಉಡುಪಿಯ ಪೇಟೆಗೆ ಹೋದಾಗ ಹಳೆಯ ಚೀಟಿ ತೋರಿಸಿ ನೋವಿನ ಮಾತ್ರೆ ತರುತ್ತೇವೆ. ಆ ಮಾತ್ರೆಗಳನ್ನು ಬಹುಕಾಲ ನುಂಗಿದರೆ ರಕ್ತದೊತ್ತಡ ಏರಬಹುದು, ಹೃದಯಕ್ಕೂ ಹಾನಿಯಾಗಬಹುದು. ಸ್ಟೀರಾಯ್ಡ್ ಕೂಡ ಹಾಗೆಯೇ. ಇನ್ನೊಂದು ವಿಚಿತ್ರವಿದೆ: ಉರಿಯೂತ ಜೋರಾಗಿದ್ದಾಗ ಕೊಲೆಸ್ಟರಾಲ್ ಅಂಕಿ ಇಳಿದು ತೋರುವುದುಂಟು. ಆಗ ಚೀಟಿ ನೋಡಿ ನಾವು ನಿಶ್ಚಿಂತರಾಗುತ್ತೇವೆ.

ಮನೆಯಲ್ಲಿ ಇಂಥ ಕೈಗಳುಳ್ಳವರಿದ್ದರೆ, ರಕ್ತದೊತ್ತಡ, ಸಕ್ಕರೆ, ಕೊಬ್ಬು, ಬೀಡಿ ಸಿಗರೇಟಿನ ಅಭ್ಯಾಸ, ಎಲ್ಲವನ್ನೂ ವೈದ್ಯರ ಮುಂದೆ ಬಿಚ್ಚಿ ಹೇಳಿರಿ. ಹೃದಯದ ಮಾತನ್ನು ನೀವೇ ಎತ್ತಿರಿ. ಮೆಥೊಟ್ರೆಕ್ಸೇಟ್ ಬರೆದುಕೊಟ್ಟಿದ್ದರೆ ನೆನಪಿರಲಿ, ಈ ರೋಗಕ್ಕೆ ಅದನ್ನು ಕೊಡುವುದು ವಾರಕ್ಕೊಮ್ಮೆ. ಪ್ರತಿದಿನ ನುಂಗಿದರೆ ಪ್ರಾಣಕ್ಕೇ ಅಪಾಯ. ವೈದ್ಯರು ಹೇಳಿದ ವಾರದ ಹೆಸರನ್ನು ಮಾತ್ರೆಯ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿರಿ.